‘ಆತು’ ಅಂದದ್ದಕ್ಕೆ

ನಮ್ಮ ಕಡೆ ‘ಆತು’ ಎಂಬ ಮಾತಿಗೆ ಎರಡು ಅರ್ಥ. ಕೆಲಸ ಮುಗಿಯಿತು ಎನ್ನುವುದಕ್ಕೂ ಆತು. ಕೇಳಿಸಿತು, ಮಾಡುತ್ತೇನೆ ಎನ್ನುವುದಕ್ಕೂ ಆತು. ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ನಾನು ಬೆಳೆದದ್ದು ಈ ಮಾತಿನಲ್ಲೇ. ಪವರ್‌ಲೂಮಿನ ಸದ್ದಿನ ನಡುವೆ ಮಾಲೀಕರು ಬಾಗಿಲಿನಿಂದ ಕೂಗುತ್ತಿದ್ದರು, ನಾವು ಕೈ ಎತ್ತಿ ‘ಆತ್ರೀ’ ಎನ್ನುತ್ತಿದ್ದೆವು. ಸೀರೆ ಮಗ್ಗದಿಂದ ಇಳಿದಿದೆಯೋ, ಇನ್ನೂ ಸೆರಗು ಬಾಕಿಯೋ ಎಂದು ಯಾರೂ ಬಿಡಿಸಿ ಕೇಳುತ್ತಿರಲಿಲ್ಲ. ಸಂಜೆಯೊಳಗೆ ಇಳಿದರೆ ಸಾಕಿತ್ತು.

ಈಗ ನಾನು ಕೆಲಸ ಮಾಡುವುದು ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ವರ್ಕ್‌ಶಾಪಿನಲ್ಲಿ. ಹೊರಗಿನಿಂದ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಂತೆ ಕಾಣುತ್ತದೆ. ಕಬ್ಬಿನ ಗಾಡಿಯವರು ಬಂದು ಪಂಕ್ಚರ್ ತೆಗೆಯುತ್ತೀರಾ ಎಂದು ಕೇಳುವುದುಂಟು. ಒಳಗೆ ಬರುವುದು ವಿಮಾನದ ಗಾಲಿ ಮತ್ತು ಬ್ರೇಕು. ಹಾರಾಟ ಕಲಿಸುವ ಶಾಲೆಗಳ ಸಣ್ಣ ವಿಮಾನಗಳವು. ಬಿಚ್ಚುವುದು, ತೊಳೆಯುವುದು, ಬಿರುಕು ನೋಡುವುದು, ಜೋಡಿಸುವುದು, ಪರೀಕ್ಷಿಸುವುದು ನಮ್ಮ ಕೆಲಸ.

ಯಾವುದನ್ನು ಯಾವಾಗ ಬಿಚ್ಚಬೇಕು ಎಂದು ಹೇಳುವುದು ನನ್ನ ತಂಗಿಯ ಕೆಲಸ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅವಳು ಜಮಖಂಡಿಯಲ್ಲಿ ಡಿಪ್ಲೊಮಾ ಮುಗಿಸಿದವಳು. ಗೋಡೆಯ ಬಿಳಿ ಬೋರ್ಡಿನ ಮೇಲೆ ಪ್ರತಿ ಬೆಂಚಿಗೂ ಒಂದು ಚೌಕದ ಮನೆ ಬರೆದಿದ್ದಾಳೆ, ಪ್ರತಿ ಭಾಗಕ್ಕೂ ಒಂದು ಆಯಸ್ಕಾಂತದ ಬಿಲ್ಲೆ. ಅವಳು ದಿನವಿಡೀ ಬಿಲ್ಲೆ ಸರಿಸುವುದನ್ನು ನೋಡಿ ಮೊದಮೊದಲು ನನಗೆ ಅದೊಂದು ಕೆಲಸವೆಂದೇ ಅನ್ನಿಸಿರಲಿಲ್ಲ. ಆಮೇಲೆ ತಿಳಿಯಿತು. ಗಾಲಿ ಬರುವ ಮೊದಲೇ ಅದರ ರಬ್ಬರ್ ಸೀಲು ಬಂದಿರಬೇಕು. ತೊಳೆಯುವ ತೊಟ್ಟಿ ಖಾಲಿ ಇರಬೇಕು. ಮುಗಿದ ಕೆಲಸವನ್ನು ಪರಿಶೀಲಿಸುವ ಇನ್‌ಸ್ಪೆಕ್ಟರು ಹೊರ ಊರಿನಿಂದ ವಾರಕ್ಕೊಮ್ಮೆ ಬರುತ್ತಾರೆ, ಅವರ ಮೇಜಿನ ಮೇಲೆ ಆ ಹೊತ್ತಿಗೆ ಸಾಮಾನು ಇರಬೇಕು. ಒಂದು ಬಿಲ್ಲೆ ತಪ್ಪು ಮನೆಗೆ ಹೋದರೆ ಹಿಂದಿನವೆಲ್ಲ ನಿಲ್ಲುತ್ತವೆ.

ನಮ್ಮ ಶೆಡ್ಡಿನ ಮಗ್ಗಗಳು ಗುಜರಿಗೆ ಹೋದಾಗ ನನ್ನನ್ನು ಇಲ್ಲಿಗೆ ತಂದವಳೂ ಅವಳೇ. “ನಮ್ಮಣ್ಣನ ಕೈ ಛಲೋ ಐತ್ರಿ, ಕಲಿಸಿದ್ರ ಕಲೀತಾನ” ಎಂದು ವರ್ಕ್‌ಶಾಪಿನ ಧಣಿಯ ಮುಂದೆ ಹೇಳಿದ್ದಳು.

ನನಗೆ ಕೊಟ್ಟದ್ದು ಬ್ರೇಕಿನ ಪರೀಕ್ಷೆ. ಜೋಡಿಸಿದ ಬ್ರೇಕಿಗೆ ಎಣ್ಣೆ ತುಂಬಿ, ಪಂಪಿನಿಂದ ಒತ್ತಡ ಕೊಟ್ಟು, ಸೋರುತ್ತದೆಯೇ ಎಂದು ಕಾದು ನೋಡುವುದು. ಪಕ್ಕದ ಬೆಂಚಿನವನು ಬೀಳಗಿಯವನು, ಬಾಯಿ ಜೋರು. ಅಂದು ಊಟದ ಹೊತ್ತಿಗೆ ತಂಗಿ ಬಾಗಿಲಿಗೆ ಬಂದದ್ದೇ ಅವನು ಶುರು ಮಾಡಿದ.

“ಲೇ, ಸಣ್ಣ ಧಣಿ ಬಂದ್ಳು, ಎದ್ದು ನಿಲ್ಲು.”

“ಸುಮ್ಕಿರಲೇ.”

“ಮನ್ಯಾಗ ಅಣ್ಣ, ಇಲ್ಲಿ ಆಳು! ಉಣ್ಣಾಕ ಹೋಗಬೇಕಂದ್ರೂ ತಂಗೀನ ಕೇಳಬೇಕೇನಪಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ತಂಗಿ ಬಾಗಿಲಿನಿಂದಲೇ ಕೇಳಿದಳು, “ಅಣ್ಣಾ, ಆ ಬ್ರೇಕಿನ ಟೆಸ್ಟ್ ಆತೇನು?”

ಎಣ್ಣೆ ತುಂಬಿದ್ದೆ, ಪಂಪು ಹೊಡೆದಿರಲಿಲ್ಲ. ಅವಳ ಕಡೆ ತಿರುಗದೆ “ಆತಾತು, ಹೋಗು” ಎಂದೆ.

ಅವಳು ಬೋರ್ಡಿನ ಮೇಲೆ ಬಿಲ್ಲೆಯನ್ನು ಇನ್‌ಸ್ಪೆಕ್ಟರ ಮೇಜಿನ ಮನೆಗೆ ಸರಿಸಿದಳು. ಅದನ್ನು ನಾನು ನೋಡಿದೆ. ನನ್ನ ತಪ್ಪು ಇರುವುದು ಇಲ್ಲಿ, ಬಾಯಿ ತಪ್ಪಿ ಬಂದ ಮಾತಿನಲ್ಲಲ್ಲ. “ಇನ್ನಾ ಇಲ್ಲ, ತಡಿ” ಎಂದು ಕೂಗಿದ್ದರೆ ಮುಗಿಯುತ್ತಿತ್ತು. ಬೀಳಗಿಯವನು ನನ್ನ ಮುಖವನ್ನೇ ನೋಡುತ್ತಿದ್ದ, ನಾನು ಕೂಗಲಿಲ್ಲ. ಉಂಡು ಬಂದು ಪಂಪು ಹೊಡೆದರಾಯಿತು ಎಂದುಕೊಂಡೆ. ಉಂಡು ಬರುವಷ್ಟರಲ್ಲಿ ಬ್ರೇಕು ನನ್ನ ಬೆಂಚಿನ ಮೇಲೆ ಇರಲಿಲ್ಲ, ಇನ್‌ಸ್ಪೆಕ್ಟರ ಮೇಜಿನ ಮೇಲಿತ್ತು. ಆಗಲೂ ಹೋಗಿ ಹೇಳಬಹುದಿತ್ತು. ಸೋರಲಿಕ್ಕಿಲ್ಲ ಎಂದು ಸುಮ್ಮನಾದೆ.

ಇನ್‌ಸ್ಪೆಕ್ಟರು ತಾವೇ ಒಮ್ಮೆ ಪಂಪು ಹೊಡೆದರು. ಪಿಸ್ಟನ್ನಿನ ಅಂಚಿನಲ್ಲಿ ಎಣ್ಣೆಯ ಹನಿ ಮೂಡಿತು. ಬ್ರೇಕು ಒಯ್ಯಲು ಬಂದಿದ್ದ ಗಾಡಿ ಗೇಟಿನಲ್ಲಿ ನಿಂತಿತ್ತು, ಅದು ಖಾಲಿ ಹೋಯಿತು.

“ಸೋರಿದ್ದು ದೊಡ್ಡದಲ್ಲ, ಸೀಲು ಬದಲಿ ಮಾಡ್ರಿ. ಆಗದ್ದನ್ನ ಆಗೈತಿ ಅಂದಿದ್ದು ದೊಡ್ಡದು” ಎಂದರು ಇನ್‌ಸ್ಪೆಕ್ಟರು. ಪರೀಕ್ಷೆ ಮುಗಿದಿದೆ ಎಂದು ಬೋರ್ಡು ತೋರಿಸುತ್ತಿದ್ದ ಎಲ್ಲವನ್ನೂ ಮತ್ತೆ ಮೊದಲಿನಿಂದ ಪರೀಕ್ಷಿಸಲು ಹೇಳಿದರು.

ಧಣಿ ತಂಗಿಯನ್ನು ಕರೆದು ಎಲ್ಲರ ಎದುರೇ ಕೇಳಿದರು. ಅವಳು ನನ್ನ ಕಡೆ ನೋಡಲಿಲ್ಲ. “ಬೆಂಚಿಗೆ ಹೋಗಿ ನೋಡಬೇಕಿತ್ರಿ. ಬಾಗಲದಾಗ ನಿಂತು ಕೇಳಿದೆ. ತಪ್ಪು ನಂದ” ಎಂದಳು. ನಾನು ಆಗಲೇ ಒರೆಸಿಟ್ಟಿದ್ದ ಬೋಲ್ಟು ತಿರುಗಿಸುವ ಪಾನಾವನ್ನು ಮತ್ತೆ ಒರೆಸುತ್ತಿದ್ದೆ. ಮರುದಿನದಿಂದ ಬೋರ್ಡು ಬೇರೆಯವರ ಕೈಗೆ ಹೋಯಿತು. ಅವಳನ್ನು ಸ್ಟೋರಿಗೆ ಹಾಕಿದರು, ಬೇರಿಂಗ್ ಎಣಿಸಿ ಕೊಡಲು.

ಬಸ್ಸಿನಲ್ಲಿ ಬನಹಟ್ಟಿಗೆ ಹಿಂತಿರುಗುವಾಗ ಅವಳು ಹೇಳಿದ್ದು ಇಷ್ಟೇ: “ನೀ ಬಾಯಿ ಬಿಡ್ತಿ ಅಂತ ತಿಳಿದಿದ್ದೆ.”

“ಧಣಿಗೆ ಹೇಳ್ತೇನಿ” ಎಂದೆ.

ಹೇಳಲಿಲ್ಲ. ಇವತ್ತು ಧಣಿ ಸಿಟ್ಟಿನಲ್ಲಿದ್ದಾರೆ, ಇವತ್ತು ಯಾರೋ ಬಂದಿದ್ದಾರೆ ಎಂದು ದಿನ ತಳ್ಳಿದೆ. ನನ್ನ ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು. ಅವಳು ಬೋರ್ಡಿನ ಮುಂದೆ ಇಲ್ಲದ್ದು ಮನಸ್ಸಿನ ಒಂದು ಮೂಲೆಯಲ್ಲಿ ಹಿತವಾಗಿಯೂ ಇತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಉಪಯೋಗವಿಲ್ಲ.

ಒಂದು ಬೆಳಿಗ್ಗೆ ಗೇಟಿನ ಹತ್ತಿರ ಅವಳು ಕೇಳಿದಳು, “ಧಣಿಗೆ ಹೇಳೂದು ಆತೇನು?”

“ಆತು.”

ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, “ಯಾವ ಆತು, ಅಣ್ಣಾ?” ಎಂದಳು.

ಬಟ್ಟೆಯನ್ನೂ ಬದಲಿಸದೆ ಧಣಿಯ ಕೋಣೆಗೆ ಹೋದೆ. ಅವರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಇದ್ದದ್ದನ್ನು ಹೇಳಿದೆ.

“ಆಕಿ ಯಾಕ ಹೇಳಲಿಲ್ಲ?”

“ನಾನ ಹೇಳ್ಲಿ ಅಂತ ಕಾದ್ಳ್ರೀ.”

“ಮತ್ತ ನೀ ಯಾಕ ಕಾದಿ?”

ಅವರು ಚಹಾ ಕುಡಿದು ಮುಗಿಸಿ, ನನ್ನನ್ನು ತೊಳೆಯುವ ತೊಟ್ಟಿಗೆ ಹಾಕಿದರು. ತಂಗಿಗೆ ಬೋರ್ಡು ವಾಪಸ್ ಸಿಕ್ಕಿತು. ಬೀಳಗಿಯವನು ಬಂದು, “ನಾ ಸುಮ್ನ ಚ್ಯಾಷ್ಟಿ ಮಾಡಿದ್ನೋ ಮಾರಾಯಾ” ಎಂದ. ಖರೆ, ಅವನ ತಪ್ಪೇನೂ ಇರಲಿಲ್ಲ.

ಈಗ ಗಾಲಿಯ ಬೋಲ್ಟುಗಳನ್ನು ತೊಳೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತೇನೆ. ಬೇರೆ ಬೆಂಚಿನವರನ್ನು ತಂಗಿ ಇಂದಿಗೂ ಬಾಗಿಲಿನಿಂದಲೇ ಕೂಗಿ ಕೇಳುತ್ತಾಳೆ, ಅವರು ಹೇಳಿದ್ದನ್ನು ನಂಬಿ ಬಿಲ್ಲೆ ಸರಿಸುತ್ತಾಳೆ. ನನ್ನ ತೊಟ್ಟಿಯ ಹತ್ತಿರ ಮಾತ್ರ ನಡೆದು ಬರುತ್ತಾಳೆ. ಒಂದು ಬೋಲ್ಟು ಎತ್ತಿ ಬೆಳಕಿಗೆ ಹಿಡಿದು ನೋಡಿ, ಇದ್ದಲ್ಲೇ ಇಟ್ಟು, ಬೋರ್ಡಿಗೆ ಹೋಗುತ್ತಾಳೆ. ಕೇಳಿದರೆ ‘ಮುಗದೈತಿ’ ಎಂದು ಬಿಡಿಸಿ ಹೇಳಬೇಕೆಂದಿದ್ದೇನೆ. ಅವಳು ಕೇಳುವುದಿಲ್ಲ.