ಆರತಿ ತಟ್ಟೆ ಕೆಳಗಿಡು ಅಂದಳು ಅಮ್ಮ

ನಮ್ಮ ಯಜಮಾನರ ಕುಡಿತದ ವಿಷಯ ಚಾಳಿನ ವಠಾರದಲ್ಲಿ ಯಾರಿಗೂ ತಿಳಿದಿಲ್ಲ ಎಂದು ನಂಬಿದ್ದವಳು ನಾನೊಬ್ಬಳೇ. ಸಯನ್‌ನ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷದಿಂದ ದೋಸೆ ಹುಯ್ಯುವ ಮನುಷ್ಯ ಇವರು. ಕಾವಲಿಯ ಮುಂದೆ ಕೈ ನಡುಗಬಾರದೆಂದು ಬೆಳಿಗ್ಗೆ ಎದ್ದ ಕೂಡಲೇ ಕುಡಿಯತೊಡಗಿದ್ದರು. ಬುದ್ಧಿ ಹೇಳಿದೆ, ಕಣ್ಣೀರಿಟ್ಟೆ, ಮಾತು ಬಿಟ್ಟೆ. ಏನೂ ಆಗಲಿಲ್ಲ.

ನನ್ನದು ಹಠದ ಸ್ವಭಾವ. ಕಳೆದ ನವರಾತ್ರಿಯ ಮೊದಲ ದಿನ ಇವರನ್ನು ಲೋಕಲ್ ರೈಲು ಹತ್ತಿಸಿ, ಗೋರೆಗಾಂವ್‌ನಲ್ಲಿ ನಮ್ಮ ಊರಿನವರು ಕಟ್ಟಿದ ದೇವಿ ಗುಡಿಗೆ ಕರೆದೊಯ್ದೆ. ಅಮ್ಮನ ಎದುರು ಮಗಳು ಶ್ರೇಯಾಳ ತಲೆ ಮುಟ್ಟಿಸಿ ಆಣೆ ಹಾಕಿಸಿದೆ: ಇಂದಿನಿಂದ ಒಂದು ಹನಿಯೂ ಇಲ್ಲ. ಪಾಪ, ಇವರು ಆಣೆಗೆ ತಪ್ಪಲಿಲ್ಲ. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು ನನ್ನ ಕತೆ.

ಮೂರನೆಯ ದಿನ ಬೆಳಿಗ್ಗೆ ಹೂ ಕಟ್ಟುತ್ತಿದ್ದೆ. ಶ್ರೇಯಾ ಓಡಿ ಬಂದಳು. "ಅಮ್ಮಾ, ಪಪ್ಪಾ ಗೋಡೆ ಜೊತೆ ಬಾತ್ ಮಾಡ್ತಾ ಇದ್ದಾರೆ." ಹೋಗಿ ನೋಡಿದರೆ ಇವರ ಮೈಯೆಲ್ಲ ಗಡಗಡ ನಡುಗುತ್ತಿತ್ತು, ಬೆವರು ಹರಿಯುತ್ತಿತ್ತು. ಮೂಲೆ ನೋಡಿಕೊಂಡು ಯಾರನ್ನೋ "ಬನ್ನಿ, ಕುತ್ಕೊಳ್ಳಿ" ಎಂದು ಕರೆಯುತ್ತಿದ್ದರು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಮೇಲೆ ದೇವರು ಬರುವುದು ಹೀಗೆಯೇ. ಅಮ್ಮ ನಮ್ಮ ಮನೆಗೇ ಬಂದಳೆಂದು ನನಗೆ ಕಣ್ಣೀರೇ ಬಂತು. ಆರತಿ ಹಚ್ಚಿ ಇವರ ಮುಂದೆ ನಿಂತೆ. "ತಾಯೇ, ಬಂದಿದ್ದೀಯಲ್ಲ, ಇವರನ್ನು ಉಳಿಸಿಕೊಡು. ನಾನೇನು ಮಾಡಬೇಕು, ನಿನ್ನ ಬಾಯಿಂದಲೇ ಹೇಳು" ಎಂದು ಬೇಡಿಕೊಂಡೆ. ಇವರು ಮೂಲೆಯತ್ತಲೇ ಕೈ ಬೀಸಿ ಕರೆಯುತ್ತಿದ್ದರು. ಮುಂದಿನ ಪೂಜೆಯ ಕ್ರಮ ಕೇಳೋಣವೆಂದು ಗುಡಿಯ ಪಾತ್ರಿ ಕೃಷ್ಣಣ್ಣನಿಗೆ ವೀಡಿಯೋ ಕಾಲ್ ಮಾಡಿದೆ. ಹಬ್ಬದ ದಿನಗಳಲ್ಲಿ ಅಮ್ಮನ ದರ್ಶನ ಬರುವುದು ಅವರ ಮೇಲೆಯೇ.

ಅವರು ಫೋನಿನಲ್ಲಿ ಇವರನ್ನು ಸ್ವಲ್ಪ ಹೊತ್ತು ನೋಡಿದರು. "ಕುಡಿಯುದು ನಿಲ್ಸಿ ಎಷ್ಟು ದಿನ ಆಯ್ತು?"

"ಮೂರು."

"ಗಿರಿಜಾ, ಮೂವತ್ತು ವರ್ಷದಿಂದ ಅಮ್ಮ ನನ್ನ ಮೈಮೇಲೆ ಬರ್ತಾಳೆ. ಇದು ಅಮ್ಮ ಅಲ್ಲ. ಆರತಿ ತಟ್ಟೆ ಕೆಳಗಿಡು ಮಾರಾಯ್ತಿ, ಟ್ಯಾಕ್ಸಿ ಕರಿ."

ಆಸ್ಪತ್ರೆಯ ಮೆಟ್ಟಿಲಲ್ಲೇ ಇವರಿಗೆ ಫಿಟ್ಸ್ ಬಂತು. ಅಲ್ಲಿನ ಸಿಬ್ಬಂದಿ ಎತ್ತಿಕೊಂಡು ಒಳಗೆ ಓಡಿದರು. ಐದು ದಿನ ಐಸಿಯು ಹೊರಗಿನ ಬೆಂಚೇ ನನ್ನ ಮನೆಯಾಯಿತು. ಬಿಡಿಸಲು ಹೋಗಿ ಕೊಂದೆನಲ್ಲ ಎಂದು ಒಂದೇ ಸಮನೆ ಅಳುತ್ತಿದ್ದೆ.

ಆರನೆಯ ದಿನ ಇವರು ನನ್ನ ಹೆಸರು ಹಿಡಿದು ಕರೆದರು.

ಮರಾಠಿ ಡಾಕ್ಟರಮ್ಮ ಹಿಂದಿಯಲ್ಲಿ ತಾಳ್ಮೆಯಿಂದ ವಿವರಿಸಿದರು. ಹೆಂಡ ವರ್ಷಗಟ್ಟಲೆ ಮೆದುಳನ್ನು ಅದುಮುತ್ತದೆ, ಮೆದುಳು ಅದಕ್ಕೆ ಎದುರಾಗಿ ಬಲ ಹಾಕುವುದನ್ನು ಕಲಿಯುತ್ತದೆ. ಇಬ್ಬರು ಎರಡು ಕಡೆಯಿಂದ ಬಾಗಿಲು ತಳ್ಳುತ್ತಿರುವಾಗ ಒಬ್ಬ ತಟ್ಟನೆ ಬಿಟ್ಟರೆ ಇನ್ನೊಬ್ಬ ಮುಗ್ಗರಿಸುವುದಿಲ್ಲವೇ, ಹಾಗೆ. ಅದಕ್ಕೇ ಇಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ ಕಣ್ಣೆದುರು ಔಷಧಿ ತೆಗೆದುಕೊಂಡೇ ನಿಲ್ಲಿಸಬೇಕು. "ಬೇಕು ಬೇಕು ಅನ್ನುವುದನ್ನು ಕಲಿತ ಮೆದುಳಿಗೆ ಆಣೆ ಕೇಳಿಸುವುದಿಲ್ಲ. ಅದು ಕಾಯಿಲೆ. ಬಿಟ್ಟವರು ಮತ್ತೆ ಜಾರುವುದೂ ಉಂಟು, ಆಗ ಬೈಯಬೇಡಿ, ಇಲ್ಲಿಗೆ ಕರೆತನ್ನಿ" ಎಂದರು. ಸಂಕ್ರಾಂತಿಯ ಹೊತ್ತಿಗೆ ಇವರು ಒಮ್ಮೆ ಜಾರಿದರು. ತಾವೇ ಬಂದು ಹೇಳಿದರು. ನಾನು ಬೈಯಲಿಲ್ಲ. ಒಟ್ಟಿಗೆ ಆಸ್ಪತ್ರೆಗೆ ಹೋದೆವು.

ಈಗ ಇವರು ಮತ್ತೆ ಕಾವಲಿಯ ಮುಂದಿದ್ದಾರೆ. ಕೈ ನಡುಗುವುದಿಲ್ಲ.

ಮೊನ್ನೆ ಶುಕ್ರವಾರ ಮೂವರೂ ಗುಡಿಗೆ ಹೋಗಿದ್ದೆವು. ಆಣೆಯನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಅಮ್ಮನಲ್ಲಿ ತಪ್ಪೊಪ್ಪಿ ಕಾಯಿ ಒಡೆಸಿದೆ. ಆಮೇಲೆ ಕೃಷ್ಣಣ್ಣನ ಕಾಲು ಮುಟ್ಟಿ ಕೇಳಿದೆ, "ಫೋನಲ್ಲಿ ನೋಡಿಯೇ ನಿಮ್ಗೆ ಹೇಗೆ ಗೊತ್ತಾಯ್ತು ಅಣ್ಣಾ?"

ಅವರು ಗಂಧದ ಬಟ್ಟಲು ಕೆಳಗಿಟ್ಟರು. "ನನ್ನ ತಮ್ಮನಿಗೂ ಹೀಗೇ ಆಗಿತ್ತು ಮಗಾ. ಅವತ್ತು ಆರತಿ ಎತ್ತಿದ್ದು ನಾನು."

ಅಮ್ಮನ ಬಾಯಿಂದಲೇ ಉತ್ತರ ಬೇಕೆಂದು ಬೇಡಿದ್ದೆ. ಕೊಟ್ಟಳು. ನಿಮ್ಮ ಮನೆಯಲ್ಲೂ ಹಾಗೆ ಯಾರಾದರೂ ನಡುಗುತ್ತಿದ್ದರೆ, ಅಮ್ಮನಿಗೆ ಕೈ ಮುಗಿಯಿರಿ, ಆದರೆ ಟ್ಯಾಕ್ಸಿಯಲ್ಲಿ ಕೂತು ಮುಗಿಯಿರಿ.