ಕಾಲೇಜಿಗೆಂದು ತುಂಬಿದ ಉಡಿ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಓಣಿಯ ಮಕ್ಕಳು ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಚಪ್ಪಲಿಗಳನ್ನು ಮೆಟ್ಟಿಲ ಕೆಳಗೆ ಸಾಲಾಗಿ ಬಿಡಬೇಕೆಂದು ನಾನೇ ರೂಢಿ ಮಾಡಿಸಿದ್ದೆ. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಆ ಚಪ್ಪಲಿಗಳಿಗೆ ಗದ್ದೆಯ ಕೆಸರು ಮೆತ್ತಿರುತ್ತದೆ. ಯಾರು ಎಲ್ಲಿಂದ ಬಂದರೆಂದು ಕೆಸರು ನೋಡಿಯೇ ಹೇಳಬಹುದು.

ಆ ಮಕ್ಕಳಿಗೆ ನಾನು ಹೇಳುತ್ತಿದ್ದದ್ದು ನಮ್ಮ ದೇಶದಲ್ಲಿ ಮೊದಮೊದಲು ನ್ಯಾಯಾಧೀಶರ ಕುರ್ಚಿಯಲ್ಲಿ ಕುಳಿತ ಹೆಣ್ಣುಮಕ್ಕಳ ಚಿಕ್ಕಂದಿನ ಕತೆ. ಪತ್ರಿಕೆಯಲ್ಲಿ, ಗ್ರಂಥಾಲಯದ ಪುಸ್ತಕದಲ್ಲಿ ಓದಿದ್ದನ್ನು ಒಂದು ದಿನ ಕರೆಂಟು ಹೋದಾಗ ಸುಮ್ಮನೆ ಹೇಳಿದೆ. ಮುಂದಿನ ವಾರ ಅವರಾಗಿಯೇ ಬಂದು ಕೇಳಿದರು. ಹೇಳುವ ಬಗೆಯನ್ನು ಮಾತ್ರ ನಾನು ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತಿದ್ದೆ. ಅವರು ಊಟದ ನಂತರ ನಮಗೆ ಸಂತರ ಬಾಲ್ಯವನ್ನಷ್ಟೇ ಹೇಳುತ್ತಿದ್ದರು. ಸಂತರೂ ಹಾಲು ಚೆಲ್ಲಿದವರೇ, ಕತ್ತಲೆಗೆ ಹೆದರಿದವರೇ ಎಂದು ತಿಳಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ ಎನ್ನುವುದು ಅವರ ಎಣಿಕೆ. ಹಾಗಾಗಿ ನನ್ನ ಕತೆಯೂ ಕುರ್ಚಿಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಹೆಸರು ಮಕ್ಕಳಿಗೆ ನೆನಪಿರುತ್ತಿರಲಿಲ್ಲ, ತಾವೇ ಇಟ್ಟುಕೊಂಡಿದ್ದರು. ಕಾನೂನು ಕಾಲೇಜಿನಲ್ಲಿ ಒಬ್ಬಳೇ ಹುಡುಗಿಯಾಗಿ ಮುಂದಿನ ಸಾಲಿನಲ್ಲಿ ಕುಳಿತವಳು ‘ಮೊದಲ ಬೆಂಚಿನಾಕಿ’. ಛತ್ರಿ ಹಿಡಿದು ಮೈಲಿಗಟ್ಟಲೆ ನಡೆದು ಶಾಲೆಗೆ ಹೋದವಳು ‘ಛತ್ರಿಯಾಕಿ’.

ಕತೆ ಮುಗಿದ ಮೇಲೆ ಅವರದೊಂದು ಆಟವಿತ್ತು. ಹಿತ್ತಲಿನ ಹಳೆಯ ಒರಳುಕಲ್ಲನ್ನು ಬೋರಲು ಹಾಕಿ ಒಬ್ಬರು ಅದರ ಮೇಲೆ ನ್ಯಾಯಾಧೀಶರಾಗಿ ಕೂರುವುದು. ಮಾವಿನಕಾಯಿ ಕದ್ದವರ್ಯಾರು, ಚೆಂಡು ಕಾಲುವೆಗೆ ಹಾಕಿದವರ್ಯಾರು ಎಂಬ ತಕರಾರುಗಳು. ಎದುರಿನವರ ಮಾತು ಕೇಳದೆ ತೀರ್ಪು ಕೊಡುವಂತಿಲ್ಲ ಎಂಬ ಒಂದೇ ನಿಯಮ. ಅದನ್ನು ಮಾಡಿದವಳು ಅವರೆಲ್ಲರಿಗಿಂತ ದೊಡ್ಡವಳಾದ, ನಮ್ಮ ಹಿಂದಿನ ಮನೆಯ ಹುಡುಗಿ.

ಅವಳ ಅಪ್ಪ ಭತ್ತ ಕೊಯ್ಯುವ ಮಶೀನು ಓಡಿಸುತ್ತಾನೆ. ಸುಗ್ಗಿ ಬಂತೆಂದರೆ ಕಾಲುವೆಗುಂಟ ವಲಸಿಗರ ಕ್ಯಾಂಪುಗಳ ಕಡೆ ಗದ್ದೆಯಿಂದ ಗದ್ದೆಗೆ ಹೋಗಿ ವಾರಗಟ್ಟಲೆ ಮನೆಗೆ ಬರುವುದಿಲ್ಲ. ತಾಯಿ ನಾಟಿಗೆ ಹೋಗುತ್ತಾಳೆ. ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು. ಹುಡುಗಿ ಹತ್ತನೆಯದನ್ನು ಚೆನ್ನಾಗಿ ಪಾಸು ಮಾಡಿದಳು. ಪಿಯುಸಿ, ಆಮೇಲೆ ವಕೀಲಿ ಓದು ಎಂದು ಅವಳು ಹೇಳುವಾಗ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಬೇರೆ ಕಡೆ ನೋಡುತ್ತಿದ್ದರು. ಫಲಿತಾಂಶ ಬಂದ ವಾರವೇ ಮುಕ್ಕುಂದದಿಂದ ಅವಳನ್ನು ನೋಡಲು ಜನ ಬಂದರು. ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಬಂದವರು ಚಹಾ ಕುಡಿದು, ಇನ್ನೊಮ್ಮೆ ಚಹಾ ಕುಡಿದು, ಎದ್ದು ಹೋದರು. ಓಣಿಯೆಲ್ಲ ನಕ್ಕಿತು. ‘ಜಡ್ಜಮ್ಮನ ಕೋರ್ಟು ಬಚ್ಚಲದಾಗ ಕೂಡತೈತಿ’ ಎಂದು ಎದುರು ಮನೆಯವರು ತಮಾಷೆ ಮಾಡಿದರು.

ಆ ರಾತ್ರಿ ಊಟಕ್ಕೆ ಬಡಿಸುವಾಗ ನಾನೂ ನಮ್ಮನೆಯವರ ಮುಂದೆ ಅದನ್ನೆಲ್ಲ ಹೇಳಿ ನಕ್ಕಿದ್ದೆ. ಅವಳು ಈಗ ಯಾರು ಕರೆದರೂ ಹೊರಗೆ ಬರುವುದಿಲ್ಲವಂತೆ, ನಾನು ಕರೆದರೆ ಮಾತ್ರ ಬರುತ್ತಾಳೆ ಎಂದಿದ್ದೆ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನನ್ನ ಮಾತಿಗೆ ಅವರು ಅಷ್ಟು ಕಿವಿಗೊಡುವುದು ಅಪರೂಪ. ನನಗೆ ಸಂತೋಷವೇ ಆಗಿತ್ತು.

ಕೆಲವು ದಿನ ಕಳೆದು ಅತ್ತೆಯವರು ತಾವಾಗಿಯೇ ಅವಳ ವಿಷಯ ತೆಗೆದರು. ಓಣಿಯ ಹುಡುಗಿ ಕಾಲೇಜು ಮೆಟ್ಟಿಲು ಹತ್ತುತ್ತಾಳೆ, ಒಂದು ಉಡಿ ತುಂಬಿ ಕಳಿಸೋಣ, ಕಲಿಸಿದವಳು ನೀನು, ನಿನ್ನ ಕೈಯಿಂದಲೇ ಆಗಲಿ ಎಂದರು. ನನ್ನ ಕತೆಗಳನ್ನು ಅವರು ಯಾವತ್ತೂ ‘ಕೆಲಸಿಲ್ಲದವರ ಪುರಾಣ’ ಎನ್ನುತ್ತಿದ್ದವರು. ಅವರ ಮನಸ್ಸು ಕರಗಿತೆಂದುಕೊಂಡೆ. ಬಜಾರಿಗೆ ಹೋಗಿ ಅಂಚಿನಲ್ಲಿ ಕೆಂಪು ಇದ್ದ ಹಸಿರು ಕುಪ್ಪಸದ ಖಣ ಆರಿಸಿ ತಂದೆ. ಅಕ್ಕಿಯನ್ನು ಎರಡು ಸಲ ಕೇರಿದೆ.

ಹುಡುಗಿಯನ್ನು ಕರೆಯಲು ನಾನೇ ಹೋದೆ. ಅವಳು ಬಾಗಿಲಲ್ಲೇ ನಿಂತು ಯಾತಕ್ಕೆಂದು ಕೇಳಿದಳು. ಕಾಲೇಜಿಗೆ ಎಂದೆ. ತಲೆ ಬಾಚಿಕೊಂಡು ನನ್ನ ಜೊತೆಯೇ ನಡೆದು ಬಂದಳು. ಅಜ್ಜಿ, ತಾಯಿ ಹಿಂದಿನಿಂದ ಬಂದರು. ಅಜ್ಜಿ ಪೆಟ್ಟಿಗೆಯ ವಾಸನೆಯ ರೇಷ್ಮೆ ಸೀರೆ ಉಟ್ಟಿದ್ದನ್ನು ನೋಡಿದೆ. ನೋಡಿಯೂ ಏನೂ ಅಂದುಕೊಳ್ಳಲಿಲ್ಲ.

ಪಡಸಾಲೆಯಲ್ಲಿ ನಮ್ಮನೆಯವರ ಜೊತೆ ಲಿಂಗಸೂಗೂರಿನ ಅವರ ಗೆಳೆಯರು ಕುಳಿತಿದ್ದರು. ಇಬ್ಬರದೂ ಗೊಬ್ಬರ, ಬೀಜದ ಅಂಗಡಿ. ಅವರು ಬಂದು ಹೋಗುವುದು ಹೊಸದಲ್ಲ. ಆದರೆ ಆ ದಿನ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಆಕೆಯನ್ನು ನಾನು ನೋಡಿದ್ದು ಅದೇ ಮೊದಲು. ತೆಳ್ಳಗಿನ ಹೆಂಗಸು, ಕುರ್ಚಿಯ ತುದಿಯಲ್ಲಿ ಕುಳಿತಿದ್ದರು, ಮಡಿಲಲ್ಲಿ ಕರವಸ್ತ್ರ ಮಡಿಸುತ್ತಾ ಬಿಚ್ಚುತ್ತಾ.

ಮಣೆ ಹಾಕಿ ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆವು. ಅವಳು ತನ್ನ ವೇಲನ್ನು ಬಿಚ್ಚಿ ಮಡಿಲಲ್ಲಿ ಹರಡಿದಳು. ಕುಂಕುಮ ಹಚ್ಚುವಾಗ ಬಗ್ಗಿದ ನನ್ನ ಕಿವಿಗೆ ಮಾತ್ರ ಕೇಳುವಂತೆ ಅಂದಳು.

“ಇದು ಕಾಲೇಜಿಗೇ ಹೌದಲ್ರಿ, ಅಕ್ಕೋರ?”

“ಹೌದು, ನಿನ್ನ ಕಾಲೇಜಿಗೇ,” ಎಂದೆ.

ಕೊಬ್ಬರಿ ಬಟ್ಟಲು, ಉತ್ತುತ್ತಿ, ಅಡಿಕೆ, ಅರಿಶಿನದ ಕೊಂಬು, ಖಣ, ಮೇಲೆ ಹಿಡಿ ಹಿಡಿಯಾಗಿ ಅಕ್ಕಿ. ಕೊನೆಯ ಹಿಡಿ ಹಾಕಿ ನಾನು ಕೈ ತೆಗೆದೆ. ಅಷ್ಟರಲ್ಲಿ ಅತ್ತೆಯವರು ಒಳಗಿನಿಂದ ಬೆಳ್ಳಿ ಬಟ್ಟಲಲ್ಲಿ ಸಕ್ಕರೆ ತಂದರು. ಹಬ್ಬಕ್ಕೂ ಆ ಬಟ್ಟಲು ಕಪಾಟಿನಿಂದ ಹೊರಗೆ ಬರುವುದಿಲ್ಲ. ಲಿಂಗಸೂಗೂರಿನಾಕೆ ಎದ್ದು ಬಂದು ಒಂದು ಚಿಟಿಕೆ ಸಕ್ಕರೆಯನ್ನು ಹುಡುಗಿಯ ಬಾಯಿಗಿಟ್ಟರು. ನಮ್ಮನೆಯವರು ಒಂದು ತೆಂಗಿನಕಾಯಿಯನ್ನು ಆಕೆಯ ಕೈಗೆ ಕೊಟ್ಟು, “ಆತು, ಇಲ್ಲಿಗೆ ಮಾತು ಮುಗೀತು. ಹುಡುಗಿಗಿ ಹದಿನೆಂಟು ತುಂಬಿದ ಮ್ಯಾಲೆ ಅಕ್ಕಿಕಾಳು,” ಎಂದರು.

ಅಕ್ಕಿಕಾಳು ಎಂದರೆ ಮದುವೆಯ ಅಕ್ಷತೆ. ನಮ್ಮ ಕಡೆ ಗಂಡಿನವರ ಎದುರಿಗೆ ಉಡಿ ತುಂಬಿ, ಸಕ್ಕರೆ ತಿನ್ನಿಸಿ, ಕಾಯಿ ಕೊಟ್ಟರೆ ಸಂಬಂಧ ಗಟ್ಟಿಯಾದಂತೆ. ಅದರ ಮೇಲೆ ಬರೆಯುವುದು, ಸಹಿ ಹಾಕುವುದು ಏನೂ ಇಲ್ಲ.

ಹುಡುಗಿ ಏಳಲು ನೋಡಿದಳು. ಆದರೆ ಮಡಿಲು ತುಂಬಿತ್ತು. ಉಡಿಯ ಅಕ್ಕಿ ನೆಲಕ್ಕೆ ಚೆಲ್ಲಬಾರದು ಎನ್ನುವುದು ಅವಳಿಗೆ ಹುಟ್ಟಿನಿಂದ ಕಲಿಸಿದ ಪಾಠ. ಎರಡೂ ಕೈಯಲ್ಲಿ ವೇಲಿನ ಅಂಚು ಹಿಡಿದು ಹಾಗೆಯೇ ಅರ್ಧ ಎದ್ದು ಮತ್ತೆ ಕುಳಿತಳು. ಬಚ್ಚಲಿನ ಚಿಲಕ ಹಾಕಿಕೊಂಡಿದ್ದ ಹುಡುಗಿ ಒಂದು ಹಿಡಿ ಅಕ್ಕಿಯ ಭಾರಕ್ಕೆ ಕಟ್ಟುಬಿದ್ದಿದ್ದಳು. ಅಜ್ಜಿಯನ್ನಾಗಲಿ ತಾಯಿಯನ್ನಾಗಲಿ ಅವಳು ನೋಡಲಿಲ್ಲ. ನನ್ನನ್ನು ನೋಡಿದಳು. ತುಟಿಯ ಮೇಲೆ ಸಕ್ಕರೆಯ ಹರಳು ಹಾಗೇ ಇತ್ತು.

ಅವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಕೇಳಿದೆ. ನಮ್ಮನೆಯವರು ಚಹಾವನ್ನು ತಟ್ಟೆಗೆ ಬಗ್ಗಿಸಿಕೊಂಡು ಎಂದಿನಂತೆ ಊದುತ್ತಿದ್ದರು. ಗೆಳೆಯನ ಮಗನಿಗೆ ಹೆಣ್ಣು ನೋಡುತ್ತಿದ್ದರು, ಅಜ್ಜಿ ಒಪ್ಪಿದ್ದರು, ತಾನು ಮಾತು ಕೊಟ್ಟಿದ್ದೆ ಎಂದರು. ನನಗೇಕೆ ಹೇಳಲಿಲ್ಲ ಎಂದೆ.

“ಹೇಳಿದ್ರ ನೀ ತುಂಬತಿದ್ದೇನು? ನೀ ಕರದ್ರ ಅಷ್ಟ ಬರ್ತಾಳಂತ ನೀನ ಹೇಳಿದ್ದಿ.”

ನಾನು ಬಡಿಸುತ್ತಾ ಹೇಳಿದ ಮಾತನ್ನು ಅವರು ಹಾಗೆಯೇ ಎತ್ತಿಟ್ಟುಕೊಂಡಿದ್ದರು. ಅತ್ತೆಯವರು ಬೆಳ್ಳಿ ಬಟ್ಟಲನ್ನು ಒರೆಸಿ ಕಪಾಟಿಗೆ ಇಡುತ್ತಾ, ಸಿಟ್ಟಿಲ್ಲದ ದನಿಯಲ್ಲೇ, “ನಮ್ಮನ್ನ ಯಾರು ಕೇಳಿದ್ರವಾ? ನಡದಿಲ್ಲೇನು?” ಎಂದರು. ಅವರ ಮದುವೆಯಾದಾಗ ಅವರಿಗೆ ಸೀರೆ ಉಡಲು ಬರುತ್ತಿರಲಿಲ್ಲವಂತೆ.

ಮುಂದಿನ ಭಾನುವಾರ ಮಕ್ಕಳು ಬಂದರು. ನನಗೆ ಕತೆ ಹೊರಡಲಿಲ್ಲ. ಟೇಲರನ ಚಿಕ್ಕ ಮಗಳು, ಮನೆಯಲ್ಲಿ ದಖ್ಖನಿ ಮಾತಾಡುವವಳು, ಒರಳುಕಲ್ಲಿನ ಮೇಲೆ ಕುಳಿತು ಕಾಲು ಆಡಿಸುತ್ತಾ, ಹಿಂದಿನ ಮನೆಯ ಅಕ್ಕನನ್ನು ಕೇಳದೆಯೇ ಅಕ್ಕನ ತೀರ್ಪು ಆಗಿದೆಯಂತೆ, ಹೌದಾ ಎಂದು ಕೇಳಿದಳು. ಉತ್ತರ ಕೊಡುವುದರೊಳಗೆ ಹುಡುಗಿಯೇ ಬಂದಳು. ಮೆಟ್ಟಿಲು ಹತ್ತಲಿಲ್ಲ. ಕೈಯಲ್ಲಿ ವೇಲಿನ ಗಂಟು. ಉಡಿಯ ಅಕ್ಕಿಯನ್ನು ಮನೆಯಲ್ಲಿ ಪಾಯಸ ಮಾಡಿ ಉಣ್ಣಬೇಕು, ವಾಪಸು ಕೊಡುವ ಪದ್ಧತಿಯೇ ಇಲ್ಲ. ಅವಳು ಗಂಟು ಬಿಚ್ಚಿರಲೂ ಇಲ್ಲ. ಕಟ್ಟೆಯ ಅಂಚಿಗಿಟ್ಟಳು.

“ನಿಮ್ಮ ಅಕ್ಕಿ,” ಎಂದಳು. ನನಗೂ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅದಕ್ಕೆ ಮೊದಲೇ ಅವಳು, “ಮೊದಲ ಬೆಂಚಿನಾಕಿಗೂ ಹಿಂಗ ಯಾರರ ಮಾಡಿದ್ರೇನ್ರಿ? ಆ ಭಾಗ ನೀವು ಹೇಳಲೇ ಇಲ್ಲ,” ಎಂದು ಹೋದಳು.

ಮಕ್ಕಳು ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡರು.

ಮಂಗಳವಾರ ನಮ್ಮನೆಯವರು ಅಂಗಡಿಗೆ ಹೋದ ಮೇಲೆ ನಾನು ಆ ಗಂಟನ್ನು ಕೈಚೀಲದಲ್ಲಿಟ್ಟುಕೊಂಡು ಲಿಂಗಸೂಗೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಮಸ್ಕಿ, ನನ್ನ ತವರು. ಆ ಸ್ಟ್ಯಾಂಡಿನಲ್ಲಿ ಇಳಿಯದೆ ಮುಂದೆ ಹೋದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕಿಟಕಿಯಿಂದ ಗುಡ್ಡ ಕಂಡಿತು. ಇಳಿದರೆ ಅಣ್ಣ ಚಹಾ ಕುಡಿಸಿ, ದೊಡ್ಡವರು ಮಾಡಿದ್ದಕ್ಕೆ ನೀನ್ಯಾಕೆ ಹೋಗ್ತೀ ಎಂದು ತಿರುಗಿಸಿ ಕಳಿಸುತ್ತಾನೆಂದು ನನಗೆ ಗೊತ್ತಿತ್ತು. ಕಂಡಕ್ಟರು ಗುರುತಿನವರು, “ಇಳಿಯಂಗಿಲ್ಲೇನ್ರಿ?” ಎಂದರು. ತಲೆಯಾಡಿಸಿದೆ.

ಅಂಗಡಿಯ ಹೆಸರು ಹೇಳಿ ಮನೆ ಹುಡುಕಿಕೊಂಡು ಹೋದೆ. ಆಕೆ ಒಬ್ಬರೇ ಇದ್ದರು. ಬಾಗಿಲ ಪಕ್ಕದ ಗೂಡಿನಲ್ಲಿ ಅಂದು ಕೊಟ್ಟ ತೆಂಗಿನಕಾಯಿ, ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ಅದನ್ನು ನೋಡಿ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಗಿ, ಗಂಟನ್ನು ಅವರ ಮುಂದಿಟ್ಟು ಇದ್ದದ್ದನ್ನು ಹೇಳಿದೆ. ನಾನು ಇದನ್ನು ಕಾಲೇಜಿಗೆಂದು ತುಂಬಿದ್ದೆ, ಹುಡುಗಿಯೂ ಹಾಗೆಂದೇ ಕುಳಿತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ.

ಆಕೆ ವೇಲಿನ ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು, ಒಳಗೆ ಅಕ್ಕಿಯೇ ಇದೆಯೋ ಎನ್ನುವಂತೆ.

“ಹುಡುಗಿ ಕುಣಕೋತ ಒಪ್ಪ್ಯಾಳ, ನಾಚಿಕಿಗಿ ಮಾತಾಡವಲ್ಲಳು ಅಂತ ನಮ್ಮವರು ಹೇಳಿದ್ರು,” ಎಂದರು. “ಸಕ್ಕರಿ ಇಡೂ ಮುಂದ ಆಕಿ ಬಾಯಿ ತಣ್ಣಗಿತ್ತು. ನನಗ ಅವತ್ತ ಒಂಥರಾ ಆತು.”

ಅವರಿಗೂ ನಿಜ ಹೇಳಿರಲಿಲ್ಲ. ಮೂವರು ಹೆಂಗಸರು, ಒಬ್ಬಳು ಕುಳಿತವಳು, ಒಬ್ಬಳು ತುಂಬಿದವಳು, ಒಬ್ಬಳು ಸಕ್ಕರೆ ಇಟ್ಟವಳು, ಮೂವರಿಗೂ ಸುಳ್ಳೇ. ಆಕೆ ಎದ್ದು ಗೂಡಿನಿಂದ ಕಾಯಿ ತೆಗೆದು ನನ್ನ ಕೈಗಿಟ್ಟರು. ಒಲ್ಲದ ಸೊಸೆಯನ್ನು ತಂದುಕೊಂಡು ದಿನಾ ಅವಳ ಮುಖ ನೋಡುವುದು ತಮ್ಮಿಂದಾಗದು, ಗಂಡನಿಗೆ ನಾನೇ ಹೇಳಿಕೊಳ್ಳುತ್ತೇನೆ ಎಂದರು. ಕಾಯಿ ತಿರುಗಿ ಬಂದರೆ ಮಾತು ಮುರಿಯಿತೆಂದೇ ಅರ್ಥ. ಊಟ ಮಾಡಿ ಹೋಗಿ ಎಂದರು. ನಾನು ಮಜ್ಜಿಗೆ ಮಾತ್ರ ಕುಡಿದೆ.

ಸಂಜೆ ನಮ್ಮನೆಯವರು ಬರುವಾಗ ಕಾಯಿ ಪಡಸಾಲೆಯ ಮೇಜಿನ ಮೇಲಿತ್ತು. ಅಷ್ಟರಲ್ಲಿ ಅವರಿಗೆ ಫೋನು ಬಂದಿತ್ತು. ನಾಕು ಮಂದಿಯಲ್ಲಿ ತನ್ನ ಮಾತು ಹೋಯಿತು, ಹೆಂಡತಿಯೇ ಕಳೆದಳು ಎಂದರು. ಹುಡುಗಿಯ ಅಜ್ಜಿ ಓಣಿಯಲ್ಲಿ ನಿಂತು, ಕಾನ್ವೆಂಟಿನಲ್ಲಿ ಓದಿದವರನ್ನು ಮನೆಗೆ ತಂದರೆ ಹೀಗೇ ಎಂದು ಅತ್ತೆಯವರಿಗೆ ಕೇಳುವಂತೆ ಹೇಳಿದರು. ಸುಗ್ಗಿ ಮುಗಿಸಿ ಬಂದ ಹುಡುಗಿಯ ಅಪ್ಪ ಮಾತ್ರ ಮಶೀನಿನ ಧೂಳು ತೊಳೆದುಕೊಂಡು, ಮರುದಿನ ಮಗಳನ್ನು ಕರೆದುಕೊಂಡು ಹೋಗಿ ಕಾಲೇಜಿಗೆ ಸೇರಿಸಿ ಬಂದ.

ಅವಳು ಈಗ ದಿನಾ ನಮ್ಮ ಮನೆಯ ಮುಂದೆಯೇ ಹೋಗುತ್ತಾಳೆ, ಓಣಿಯ ಆಚೆ ಬದಿಯಿಂದ. ಭಾನುವಾರ ಚಿಕ್ಕ ಮಕ್ಕಳು ಮತ್ತೆ ಬರತೊಡಗಿದರು. ಅವಳು ಬರಲಿಲ್ಲ. ನಾನು ಆ ಪುಸ್ತಕಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಅಪ್ಪ ಪ್ರೋತ್ಸಾಹಿಸಿದರು, ಅಮ್ಮ ಬೆಂಬಲಿಸಿದರು, ಗುರುಗಳು ಹರಸಿದರು ಎಂದೇ ಎಲ್ಲ ಕಡೆ. ಅವಳು ಕೇಳಿದ ಭಾಗ ಎಲ್ಲೂ ಸಿಗಲಿಲ್ಲ.

ಮೊನ್ನೆ ಕಟ್ಟೆ ಗುಡಿಸುತ್ತಿದ್ದೆ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಕಾಯಿ ತಿರುಗಿ ಬಂದದ್ದು ಯಾರಿಂದ ಎಂದು ಅವಳಿಗೆ ಗೊತ್ತಾಗಿರಬೇಕು, ಓಣಿಯಲ್ಲಿ ಯಾವುದೂ ಮುಚ್ಚಿರುವುದಿಲ್ಲ. ಆದರೂ ಆಚೆ ಬದಿಯಲ್ಲೇ ನಿಂತಳು. ನಾನೇ ಕರೆದು ಹೇಳಿದೆ, ಎಲ್ಲಾ ಹುಡುಕಿದೆ, ಮೊದಲ ಬೆಂಚಿನಾಕಿಗೆ ಮೋಸ ಮಾಡಿದವರ ಬಗ್ಗೆ ಯಾರೂ ಬರೆದಿಲ್ಲ ಎಂದು.

ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

“ಹೆಂಗ ಬರಿತಾರ್ರೀ, ಅಕ್ಕೋರ,” ಎಂದಳು. “ಮೋಸ ಮಾಡಿದವರ ಮನ್ಯಾಗ ಆಕಿ ಉಣಬೇಕಿತ್ತಲ್ಲ.”

ಹಾಗೆಂದು ಕಾಲೇಜಿಗೆ ನಡೆದಳು. ನಾನು ಕಸಬರಿಗೆಯನ್ನು ಮೂಲೆಗಿಟ್ಟೆ. ಒಳಗೆ ಅತ್ತೆಯವರು ರೊಟ್ಟಿಯ ಹಂಚು ಕಾದಿದೆ ಎಂದು ಕೂಗುತ್ತಿದ್ದರು. ನಮ್ಮನೆಯವರು ಅಂಗಡಿಗೆ ಹೊರಡುವ ಮೊದಲು ಊಟಕ್ಕೆ ಕುಳಿತಿದ್ದರು. ನಾನು ಕೈ ತೊಳೆದುಕೊಂಡು ಒಳಗೆ ಹೋಗಿ ಬಡಿಸಿದೆ. ಈಗ ಬಡಿಸುವಾಗ ನಾನು ಯಾವ ಮಾತನ್ನೂ ಆಡುವುದಿಲ್ಲ.