ಕಲ್ಲುಛತ್ರದ ಗೋಡೆಯ ಗಾಜು ಒಡೆದಿರುವ ಬಗ್ಗೆ

ಶ್ರೀಮತಿ ಮಲ್ಲಮ್ಮನವರಿಗೆ,
ಕುರುಗೋಡು.

ಮಾನ್ಯರೇ,

ಕಲ್ಲುಛತ್ರದ ಗೋಡೆಗೆ ಅಂಟಿಸಿದ್ದ ಗಾಜನ್ನು ಒಡೆದವನು ನಾನು. ತಾವು ಹೊಡೆದ ಮೊಳೆಯಿಂದ ಅದು ಒಡೆಯಲಿಲ್ಲ. ಈ ಎರಡು ವಾಕ್ಯಗಳನ್ನು ಬರೆಯಲು ನನಗೆ ಇಪ್ಪತ್ತೊಂದು ವರ್ಷ ಹಿಡಿದಿದೆ — ಹಿಡಿಯಬಾರದಿತ್ತು.

ಇಲ್ಲಿಗೇ ನಿಲ್ಲಿಸಿ ಸಹಿ ಮಾಡಿಬಿಡಬೇಕೆಂದು ಕೈ ಹೇಳುತ್ತಿದೆ. ಆದರೆ ಇಷ್ಟನ್ನೇ ಬರೆದರೆ ಇದೂ ನನ್ನ ಹಳೆಯ ವರದಿಯಂತೆಯೇ ಆಗುತ್ತದೆ: ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಸ್ವಂತದ್ದೆಂದು ನಾನು ಈವರೆಗೆ ಏನನ್ನೂ ಬರೆದವನಲ್ಲ. ಕಚೇರಿಯ ಪತ್ರಗಳ ಧಾಟಿಯೊಂದೇ ನನಗೆ ಬರುವುದು. ಆದ್ದರಿಂದ ತಮಗೆ ಗೊತ್ತಿರುವ ಸಂಗತಿಗಳನ್ನೂ ಸೇರಿಸಿ, ಮೊದಲಿನಿಂದ, ಕ್ರಮವಾಗಿ ನಿವೇದಿಸುತ್ತೇನೆ. ಇದರಲ್ಲಿ ತಪ್ಪುಗಳಿದ್ದಲ್ಲಿ — ತಪ್ಪು ಇದೆ. ಅದಕ್ಕಾಗಿಯೇ ಈ ಪತ್ರ.

ಆಗ ನಾನು ಬಳ್ಳಾರಿಯ ಒಂದು ಕಚೇರಿಯಲ್ಲಿ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದೆ. ತಾವು ದೊಡ್ಡಾಸ್ಪತ್ರೆಯ ಹಿಂದಿನ ರಸ್ತೆಯಲ್ಲಿದ್ದ ಕಲ್ಲುಛತ್ರದ ಕಾವಲಿಗಿದ್ದಿರಿ. ಕಾವಲು ಎಂಬುದು ಕಾಗದದ ಮಾತು. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡಿನ ಕಡೆಯಿಂದ ರೋಗಿಗಳನ್ನು ಕರೆತಂದವರೆಲ್ಲ ಆ ಛತ್ರದಲ್ಲಿಯೇ ಇಳಿದುಕೊಳ್ಳುತ್ತಿದ್ದರು. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅನ್ನ ಮಾಡಿಕೊಳ್ಳುತ್ತಿದ್ದರು. ಬೆಳಗಿನ ಐದಕ್ಕೆ ತಾವು ಹಂಡೆಯ ನೀರು ಕಾಯಿಸಿಡುತ್ತಿದ್ದಿರಿ. ಬಂದವರನ್ನು ಯಾವ ಜಾತಿ, ಯಾವ ಊರು ಎಂದು ತಾವು ಕೇಳಿದ್ದನ್ನು ನಾನು ಕಂಡಿಲ್ಲ. "ಯಾವ ವಾರ್ಡು?" ಎಂದು ಮಾತ್ರ ಕೇಳುತ್ತಿದ್ದಿರಿ.

ಛತ್ರದ ಮೂಡಣ ಗೋಡೆಯಲ್ಲಿ ಒಂದು ಬಿರುಕಿತ್ತು. ಕಟ್ಟಡವನ್ನು ಉಳಿಸಬೇಕೋ ಕೆಡವಬೇಕೋ ಎಂಬ ಪ್ರಶ್ನೆ ಎದ್ದಾಗ, ಆ ಬಿರುಕಿನ ಮೇಲೆ ಅಡ್ಡಲಾಗಿ ಅಂಗೈ ಉದ್ದದ ಗಾಜಿನ ಪಟ್ಟಿಯೊಂದನ್ನು ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ ಅಂಟಿಸುವಂತೆ ನಮ್ಮ ಇಂಜಿನಿಯರ್ ಸಾಹೇಬರು ನನಗೆ ಆದೇಶಿಸಿದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಒಂದು ಮಳೆಗಾಲ ಕಳೆಯುವವರೆಗೆ ಗಾಜು ಉಳಿದರೆ ಛತ್ರದ ದುರಸ್ತಿ, ಒಡೆದರೆ ಛತ್ರ ನೆಲಸಮ. ಗಾಜಿನ ಮೇಲೆ ನಾನೇ ದಿನಾಂಕ ಬರೆದು ಸಹಿ ಮಾಡಿದೆ. ಅದನ್ನು ನೋಡಿ ತಾವು ಅಂದದ್ದು ನನಗೆ ನೆನಪಿದೆ:

"ಏನ್ರಿ ಆಚಾರ್ರೆ, ಗ್ವಾಡಿಗಿ ಕನ್ನಡಕ ಹಾಕೀರಲ್ರಿ. ಅದಕ್ಕೂ ಕಣ್ಣು ಮಂಜಾದ್ವೇನು?"

ಅಂದಿನಿಂದ ಅದು ಕನ್ನಡಕವೇ ಆಯಿತು. ಪ್ರತಿ ಶನಿವಾರ ನಾನು ಬಂದು ನೋಡಿ, ರಿಜಿಸ್ಟರಿನಲ್ಲಿ "ಗಾಜು ಸುಸ್ಥಿತಿಯಲ್ಲಿದೆ" ಎಂದು ಬರೆಯುತ್ತಿದ್ದೆ. ತಾವು ಚಹಾ ಕೊಟ್ಟು, "ಕನ್ನಡಕ ಗಟ್ಟಿ ಐತಿ, ಮುದುಕಿನೂ ಗಟ್ಟಿ ಅದಾಳ, ಬರ್ಕೊಳ್ರಿ" ಎನ್ನುತ್ತಿದ್ದಿರಿ. ಅಷ್ಟು ಮಳೆಗೂ ಆ ಗಾಜು ಅಲುಗಲಿಲ್ಲ. ಇನ್ನು ಉಳಿದಿದ್ದವು ಮೂರೇ ಶನಿವಾರಗಳು.

ಆ ಶನಿವಾರ ಗೋಡೆ ನೆಟ್ಟಗಿದೆಯೇ ಎಂದೂ ನೋಡಿ ಬರಲು ಹೇಳಿದ್ದರು. ನಾನು ಮಾಳಿಗೆ ಹತ್ತಿ, ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ತೂಗುಗುಂಡನ್ನು ಗೋಡೆಯ ಪಕ್ಕಕ್ಕೆ ಇಳಿಬಿಟ್ಟೆ. ಗಾಳಿ ಬೀಸಿ ಗುಂಡು ತೂಗಿತು ಎಂದು ಬರೆಯಲು ಈಗ ತಾನೇ ಹೊರಟಿದ್ದೆ. ಗಾಳಿ ಇರಲಿಲ್ಲ. ಮಧ್ಯಾಹ್ನದ ಸಿರುಗುಪ್ಪ ಬಸ್ಸಿಗೆ ಹೊತ್ತಾಗಿತ್ತು. ನಾನು ದಾರವನ್ನು ಅವಸರದಲ್ಲಿ ಎಳೆದುಕೊಂಡೆ. ಗುಂಡು ಗೋಡೆಯಿಂದ ಆಚೆ ಹೋಗಿ, ತಿರುಗಿ ಬಂದು ಗಾಜಿಗೆ ಬಡಿಯಿತು. ಟಿಣ್ — ಅಷ್ಟೇ ಸದ್ದು.

ಕೆಳಗಿಳಿದು ನೋಡಿದೆ. ಗೋಡೆ ಸರಿದು ಒಡೆದ ಗಾಜು ಬಿರುಕಿನ ಗುಂಟವೇ ನೆಟ್ಟಗೆ ಸೀಳುತ್ತದೆ. ಪೆಟ್ಟು ತಿಂದ ಗಾಜು ಒಂದು ಬಿಂದುವಿನಿಂದ ಜೇಡರ ಬಲೆಯಂತೆ ಹರಡಿ ಒಡೆಯುತ್ತದೆ. ಕೆಲಸ ಬಲ್ಲ ಯಾರೇ ನೋಡಿದರೂ ತಿಳಿಯುತ್ತಿತ್ತು. ನಾನು ಮಾಡಬೇಕಾದದ್ದು ಸರಳವಿತ್ತು: ಕೈತಪ್ಪಿನಿಂದ ಒಡೆಯಿತು ಎಂದು ಬರೆದು, ಹೊಸ ಗಾಜು ಅಂಟಿಸುವುದು. ಆದರೆ ಹೊಸ ಗಾಜು ಎಂದರೆ ಹೊಸದಾಗಿ ಇನ್ನೊಂದು ಮಳೆಗಾಲ. ನನ್ನ ಪತ್ನಿ ಸುಧಾ ಸಿರುಗುಪ್ಪದ ಕಡೆಯ ಹಚ್ಚೊಳ್ಳಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ಆಗ ಅವಳಿಗೆ ಏಳು ತಿಂಗಳು. ಸಿರುಗುಪ್ಪಕ್ಕೆ ನನ್ನ ವರ್ಗಾವಣೆ ಆಗಿತ್ತು; "ಛತ್ರದ ಫೈಲ್ ಮುಗಿಸಿ ಹೋಗ್ರಿ, ಅಲ್ಲೀ ತನಕ ಬಿಡಂಗಿಲ್ಲ" ಎಂದು ಸಾಹೇಬರು ತಡೆದಿದ್ದರು. ಇದನ್ನು ಸಮಜಾಯಿಷಿಯಾಗಿ ಬರೆಯುತ್ತಿಲ್ಲ. ಬಸುರಿ ಹೆಂಡತಿಯಿಂದ ದೂರವಿದ್ದವರು ಆ ಛತ್ರದಲ್ಲಿಯೇ ಹತ್ತಾರು ಮಂದಿ ಇದ್ದರು. ಅವರ ಕೈಯಲ್ಲಿ ರಿಜಿಸ್ಟರು ಇರಲಿಲ್ಲ, ನನ್ನ ಕೈಯಲ್ಲಿತ್ತು — ವ್ಯತ್ಯಾಸ ಇಷ್ಟೇ.

ತಾವು ಕಾಯಿಪಲ್ಲೆ ತರಲು ಹೋಗಿದ್ದಿರಿ. ಹಿತ್ತಲಿನಲ್ಲಿ ಯಾರೂ ಇರಲಿಲ್ಲ. ಗಾರೆಯನ್ನು ಚಾಕುವಿನಿಂದ ಕೆರೆದು, ಗಾಜಿನ ತುಂಡುಗಳನ್ನು ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ರಿಜಿಸ್ಟರಿನಲ್ಲಿ ಬರೆದೆ: "ಗಾಜಿನ ಪಟ್ಟಿಯು ಒಡೆದಿರುವುದು ಕಂಡುಬಂದಿರುತ್ತದೆ." ಒಡೆದವನು ಯಾರು ಎಂದು ಆ ವಾಕ್ಯವನ್ನು ಯಾರೂ ಕೇಳಲಿಲ್ಲ. ತುಂಡುಗಳು ಎಲ್ಲಿ ಎಂದು ಸಾಹೇಬರು ಕೇಳಿದಾಗ ಬಿದ್ದುಹೋಗಿವೆ ಎಂದೆ. ಮಧ್ಯಾಹ್ನದ ಬಸ್ಸು ತಪ್ಪಲಿಲ್ಲ.

ಇಷ್ಟು ಕಲ್ಲುಛತ್ರಕ್ಕೆ ನಾನು ಮಾಡಿದ ಅಪರಾಧ. ತಮಗೆ ಮಾಡಿದ್ದು ಸೋಮವಾರದ್ದು.

ಸೋಮವಾರ ತಾವು ಕಚೇರಿಗೆ ಬಂದಿರಿ. ಅಲ್ಲಿಯವರೆಗೆ ತಾವು ಕಚೇರಿಯ ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ. ಸೆರಗಿನ ಗಂಟು ಬಿಚ್ಚಿ, ಬೆರಳುದ್ದದ ಒಂದು ಮೊಳೆಯನ್ನು ನನ್ನ ಮೇಜಿನ ಮೇಲೆ ಇಟ್ಟಿರಿ.

"ಅದು ಗ್ವಾಡಿ ತಪ್ಪಲ್ರಿ ಆಚಾರ್ರೆ, ನಂದು. ಶುಕ್ರವಾರ ಒಬ್ಬಾಕಿ ಬಾಣಂತಿ ಬಂದಿದ್ಲು. ಕೂಸಿಗಿ ಜೋಲಿ ಕಟ್ಟಾಕ ಅಂತ ಒಳಗಿಂದ ಈ ಮೊಳಿ ಹೊಡದೆ. ನಾಕು ಏಟು ಹಾಕೀನಿ. ಆ ಅದರಾಟಕ್ಕ ಕನ್ನಡಕ ಒಡದೈತಿ. ನನ್ನ ಹೆಸರು ಬರ್ಕೊಳ್ರಿ. ಛತ್ರದ ಹೆಸರು ಬರೀಬ್ಯಾಡ್ರಿ."

ಶನಿವಾರ ಮಾಳಿಗೆ ಹತ್ತುವ ಮೊದಲು ನಾನು ನೋಡಿದಾಗ ಆ ಗಾಜಿನ ಮೇಲೆ ಗೀರೂ ಇರಲಿಲ್ಲ. ತಮ್ಮ ಮೊಳೆಗೆ ಅದು ಜಗ್ಗಿರಲಿಲ್ಲ. ಅಷ್ಟನ್ನು ಹೇಳಿದ್ದರೂ ಸಾಕಿತ್ತು. ಅಥವಾ ತಾವು ಹೇಳಿದ್ದನ್ನೇ ಬರೆದುಕೊಂಡಿದ್ದರೂ — ಮೊಳೆಯಿಂದ ಒಡೆಯಿತು, ಗೋಡೆ ಸರಿದಿಲ್ಲ ಎಂದು — ಛತ್ರ ಉಳಿಯುತ್ತಿತ್ತು. ತಾವು ನನಗೆ ಬಾಗಿಲು ತೆರೆದು ಕೊಟ್ಟಿದ್ದಿರಿ. ನಾನು ಹೇಳಿದ್ದು ಹೀಗೆ, ಒಂದಕ್ಷರವೂ ಮರೆತಿಲ್ಲ:

"ಒಂದು ಮೊಳಿಗೇ ಒಡದದ ಅಂದ್ರ, ಗ್ವಾಡಿ ಎಷ್ಟು ಸಡ್ಲ ಆಗ್ಯದ ನೋಡ್ರಿ ಮಲ್ಲಮ್ಮ."

ಉತ್ತರ ಹೊಳೆದದ್ದಕ್ಕೆ ಆ ಗಳಿಗೆಯಲ್ಲಿ ನನಗೆ ಒಳಗೊಳಗೇ ಸಮಾಧಾನವಾಯಿತು. ಇದನ್ನೂ ಬರೆಯಬೇಕು. ತಾವು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡಿರಿ.

"ಹಂಗಾರ ನಾನೇ ಕೆಡವಿದಂಗಾತಲ್ರಿ."

ನಾನು ಅಲ್ಲ ಎನ್ನಲಿಲ್ಲ. ತಾವು ಮೊಳೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದು ಹೋದಿರಿ.

ಛತ್ರವನ್ನು ಕೆಡವುವಾಗ ನಾನು ಸಿರುಗುಪ್ಪದಲ್ಲಿದ್ದೆ. ಸಂಬಳದ ಕಾಗದಗಳಿಗೆಂದು ಬಳ್ಳಾರಿಗೆ ಬಂದ ದಿನ ಆ ದಾರಿಯಲ್ಲಿ ಹೋಗಬೇಕಾಯಿತು. ಉಳಿದದ್ದೆಲ್ಲ ಬಿದ್ದಿತ್ತು, ಮೂಡಣ ಗೋಡೆ ಮಾತ್ರ ನಿಂತಿತ್ತು. ಜೆಸಿಬಿಯ ಎರಡು ಹಲ್ಲು ಅದಕ್ಕೆ ಮುರಿದಿದ್ದವು. ಚಾಲಕ ಕೆಳಗಿಳಿದು ಬೀಡಿ ಹಚ್ಚಿಕೊಂಡು, "ಇದನ್ನ ಯಾವನ್ರಿ ಬೀಳತೈತಿ ಅಂತ ಬರ್ದಾವ? ಅವನ್ನ ಕರ್ಕೊಂಡು ಬರ್ರಿ, ಅವನೇ ಕೆಡವಲಿ" ಎಂದ. ಸುತ್ತ ನಿಂತವರು ನಕ್ಕರು. ನಾನೂ — ಹೌದು, ನಾನೂ ನಕ್ಕೆ. ಗೋಡೆಯ ಒಳಮೈಯಲ್ಲಿ, ಸುಣ್ಣದ ಮೇಲೆ, ತಾವು ಮೊಳೆ ಕಿತ್ತ ತೂತು ಕಾಣುತ್ತಿತ್ತು. ಅದರ ಸುತ್ತ ಒಂದು ಚಕ್ಕೆಯೂ ಎದ್ದಿರಲಿಲ್ಲ.

ಅಲ್ಲಿ ಅಂಗಡಿ ಸಾಲು ಬರುತ್ತದೆ ಎಂದರು. ಜಾಗದ ಬಗ್ಗೆ ತಕರಾರು ಬಂತು; ಅದು ಇನ್ನೂ ಮುಗಿದಿಲ್ಲ. ಸುತ್ತ ತಗಡು ಬಡಿದಿದ್ದಾರೆ. ಒಳಗೆ ಜಾಲಿ ಬೆಳೆದಿದೆ. ನಿವೃತ್ತನಾದ ಮೇಲೆ ನಾನು ಬಳ್ಳಾರಿಯಲ್ಲಿ ಹಿಡಿದಿರುವ ಬಾಡಿಗೆ ಕೋಣೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಬಸ್ಸಿನಲ್ಲಿ ಹೋದರೆ ಕಂಡಕ್ಟರು ಹಳೇ ಟಾಕೀಸು, ಅರಳೆ ಮಿಲ್ಲು, ಕಲ್ಲುಛತ್ರ ಎಂದು ಒಂದಾದ ಮೇಲೊಂದು ಇಲ್ಲದವುಗಳನ್ನೇ ಕೂಗುತ್ತಾನೆ. ಮೊನ್ನೆ ಕೊಳಗಲ್ಲಿನ ಒಬ್ಬ ಹಿರಿಯರು ಇಳಿದು ತಗಡನ್ನು ನೋಡಿ, "ಎಲ್ಲೈತ್ರಿ ಛತ್ರ?" ಎಂದು ಕೇಳಿದರು.

"ಛತ್ರ ಇಲ್ರಿ ಯಜಮಾನ್ರೆ, ಸ್ಟಾಪ್ ಐತಿ" ಎಂದು ಕಂಡಕ್ಟರು ಸೀಟಿ ಊದಿದ.

ಮೂರು ವರ್ಷಗಳ ಹಿಂದೆ, ಈ ಕೋಣೆ ಹಿಡಿಯುವ ಮೊದಲು, ಸುಧಾಳನ್ನು ಅದೇ ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಹನ್ನೊಂದು ದಿನ ನಾನು ಹೊರಗಿನ ಕಾಂಪೌಂಡಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದೆ. ಬಲಕ್ಕೆ ತೆಕ್ಕಲಕೋಟೆಯವರು, ಎಡಕ್ಕೆ ಹಚ್ಚೊಳ್ಳಿಯವರು. ಬೆಳಗಿನ ಐದಕ್ಕೆ ಎದ್ದು ಅವಳ ಮೈ ಒರೆಸಲು ಬಿಸಿನೀರಿಗಾಗಿ ಚಹಾದಂಗಡಿಯ ಮುಂದೆ ಚೊಂಬು ಹಿಡಿದು ನಿಲ್ಲುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ತಾಯಿ, "ಮೊದ್ಲು ಇಲ್ಲೇ ಒಂದು ಛತ್ರ ಇತ್ತಂತ್ರಿ. ಯಾರೋ ಅವ್ವ ನೀರು ಕಾಸಿಕೊಡ್ತಿದ್ಲಂತ" ಎಂದರು. ಹೌದಂತೆ ಎಂದೆ. ಹೌದಂತೆ! ಸುಧಾ ಹನ್ನೆರಡನೆಯ ದಿನ ತೀರಿಕೊಂಡಳು. ಯಾವ ಗಾಜನ್ನು ಒಡೆದು ನಾನು ಅವಳ ಬಳಿಗೆ ಹೋದೆನೆಂದು ಅವಳಿಗೆ ಕಡೆಯವರೆಗೂ ತಿಳಿಸಲಿಲ್ಲ. ಅವಳಿಗೆ ಹೇಳುವ ಅವಕಾಶ ಮುಗಿದಿದೆ. ತಮಗೆ ಹೇಳುವ ಅವಕಾಶ —

ಕಳೆದ ತಿಂಗಳು ಕುರುಗೋಡಿನ ಬಸ್ ನಿಲ್ದಾಣದಲ್ಲಿ ತಾವೇ ನನ್ನನ್ನು ಗುರುತಿಸಿದಿರಿ. ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಿರಿ. "ಆಚಾರ್ರೆ, ಕೂದ್ಲು ಎಲ್ಲಿ ಒತ್ತಿ ಇಟ್ರಿ?" ಎಂದು ನಕ್ಕಿರಿ. ಬೇಡವೆಂದರೂ ಎರಡು ಹಣ್ಣು ಕೈಗಿಟ್ಟಿರಿ. ಆಮೇಲೆ ತಾವೇ ಆ ಮಾತು ತೆಗೆದಿರಿ.

"ಅವತ್ತಿಂದ ನಾನು ಮೊಳಿ ಮುಟ್ಟಿಲ್ರಿ. ಮನ್ಯಾಗ ಕ್ಯಾಲೆಂಡರ್ ಹಾಕಾಕೂ ತಮ್ಮನ ಮೊಮ್ಮಗಳನ್ನ ಕರೀತೀನಿ. ಒಂದು ಮೊಳಿಗಿ ಒಂದು ಛತ್ರ ಬಿತ್ತಲ್ರಿ. ಎಷ್ಟು ಮಂದಿ ಬಿಸಲಾಗ ಕುಂತ್ರೋ."

ನನ್ನ ಬಸ್ಸು ಬಂತು. ಹತ್ತಿದೆ. ಅದು ನನ್ನ ಬಸ್ಸಾಗಿರಲಿಲ್ಲ, ಬಳ್ಳಾರಿಗೆ ಹೋಗುವುದಾಗಿರಲಿಲ್ಲ. ಮುಂದಿನ ಊರಿನಲ್ಲಿ ಇಳಿದು, ಕೈಯಲ್ಲಿ ಎರಡು ಪೇರಲ ಹಿಡಿದುಕೊಂಡು, ರಸ್ತೆ ಬದಿಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಈ ಪತ್ರವನ್ನು ಅಂಚೆಗೆ ಹಾಕತಕ್ಕದ್ದಲ್ಲ ಎಂದು ತೀರ್ಮಾನಿಸಿದ್ದೇನೆ. ತಮಗೆ ಓದಲು ಬಾರದು. ಅಂಚೆಯವನೋ ತಮ್ಮ ಸಹೋದರನ ಮೊಮ್ಮಗಳೋ ಓದಿ ಹೇಳಿದರೆ, ನಾನು ಮತ್ತೊಮ್ಮೆ ಬಸ್ಸು ಹತ್ತಿ ತಪ್ಪಿಸಿಕೊಂಡಂತೆ. ಆದ್ದರಿಂದ ಬರುವ ಶನಿವಾರ ನಾನೇ ಕುರುಗೋಡಿಗೆ ಬಂದು, ತಮ್ಮ ಬುಟ್ಟಿಯ ಎದುರು ಕುಳಿತು, ಇದನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಬಾಯಿಂದಲೇ ಓದುತ್ತೇನೆ. ಜನ ಸೇರಿದರೂ ನಿಲ್ಲಿಸುವುದಿಲ್ಲ. ಕ್ಷಮೆ ಕೋರುವ ಸಾಲನ್ನು ಎರಡು ಬಾರಿ ಬರೆದು ಹೊಡೆದುಹಾಕಿದ್ದೇನೆ; ಇಷ್ಟು ವರ್ಷ ಹೊತ್ತ ಭಾರದ ಮೇಲೆ ತಮಗೆ ಆ ಕೆಲಸವನ್ನೂ ಹಚ್ಚಲು ನನಗೆ ಅಧಿಕಾರವಿಲ್ಲ.

ನಾನು ಹೇಳುವುದನ್ನು ತಾವು ನಂಬದಿರಬಹುದು. ಮುದುಕಿಯ ಮನಸ್ಸು ಹಗುರ ಮಾಡಲು ಆಚಾರ್ರು ಕಥೆ ಕಟ್ಟಿದ್ದಾರೆ ಎನ್ನಬಹುದು, ತಾವು ಅಂಥವರು. ಅದಕ್ಕಾಗಿ ಆ ಕರವಸ್ತ್ರವನ್ನು ತರುತ್ತಿದ್ದೇನೆ. ತುಂಡುಗಳನ್ನು ಜೋಡಿಸಿ ನೋಡಿದರೆ ಗುಂಡು ತಾಗಿದ ಗುರುತು ನಡುವೆಯೇ ಕಾಣುತ್ತದೆ. ಬೆರಳಿಟ್ಟು ನೋಡಬಹುದು, ಅಂಚು ಇನ್ನೂ ಹರಿತವಿದೆ, ಜೋಪಾನ.

ಇಂಥ ಪತ್ರಗಳ ಕೊನೆಗೆ "ತಮ್ಮ ವಿಶ್ವಾಸಿ" ಎಂದು ಬರೆಯುವುದು ವಾಡಿಕೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಲಗತ್ತು: ಒಡೆದ ಗಾಜಿನ ತುಂಡುಗಳು, ಐದು. ಒಂದರ ಮೇಲೆ ನನ್ನ ಸಹಿ ಇದೆ.